ಎಂಟನೇ ಕ್ಲಾಸಿನ ಅಮೆರಿಕ: ಪೊಕಹಾಂಟಸ್, ಚಹಾ ಮತ್ತು ಹೈದರಾಲಿ

ಅಮೆರಿಕದ ಎಂಟನೇ ಕ್ಲಾಸಿನ ಹಿಸ್ಟರಿ ಪುಸ್ತಕ ಕೈಗೆತ್ತಿಕೊಂಡರೆ ಮೊದಲು ಗೊತ್ತಾಗೋದು ಅದರ ತೂಕ. ನಮ್ಮ ಇಂಜಿನಿಯರಿಂಗ್ ಮೊದಲ ವರ್ಷದ ಮ್ಯಾಥ್ಸ್ ಪುಸ್ತಕ ನೆನಪಿದೆಯಲ್ಲ, ಹೆಚ್ಚುಕಮ್ಮಿ ಅಷ್ಟು. ಟೆಕ್ಸಾಸ್‌ನಲ್ಲಿರುವ ಸಹೋದ್ಯೋಗಿಯೊಬ್ಬರ ಮಗಳ ಪುಸ್ತಕ ಅದು. ಸುಮ್ಮನೆ ತಿರುವಿ ಹಾಕೋಣ ಅಂತ ತಗೊಂಡವನು, ಆಮೇಲೆ ಅವಳ ವರ್ಕ್‌ಶೀಟುಗಳನ್ನೂ ಕೇಳಿ ಇಸ್ಕೊಂಡು ಓದಿದೆ. ಪುಸ್ತಕಕ್ಕಿಂತ ವರ್ಕ್‌ಶೀಟುಗಳೇ ಚೆನ್ನಾಗಿದ್ದವು ಅನ್ನೋದು ನನ್ನ ಅಭಿಪ್ರಾಯ. ಅದರ ಬಗ್ಗೆಯೇ ಈ ಬರಹ.

ಮೊದಲು ಒಂದು ವಿಷಯ. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ಸಿಲಬಸ್ ಅಂತ ಇಲ್ಲ. ಟೆಕ್ಸಾಸ್‌ನಲ್ಲಿ ಎಂಟನೇ ಕ್ಲಾಸಿನ ಮಕ್ಕಳು ವಸಾಹತುಗಳ ಕಾಲದಿಂದ 1877ರವರೆಗೆ ಓದುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ವಸಾಹತುಗಳ ಕಥೆ ಐದನೇ ಕ್ಲಾಸಿಗೇ ಮುಗಿದಿರುತ್ತೆ, ಎಂಟನೇ ಕ್ಲಾಸು ಸಂವಿಧಾನದಿಂದ ಮುಂದಕ್ಕೆ. ಮ್ಯಾಸಚುಸೆಟ್ಸ್‌ನಲ್ಲಿ ಎಂಟನೇ ಕ್ಲಾಸಿಗೆ ಪೌರನೀತಿ. ಹಾಗಾಗಿ "ಅಮೆರಿಕದ ಮಕ್ಕಳು ಇದನ್ನು ಓದುತ್ತಾರೆ" ಅಂತ ಯಾರಾದರೂ ಒಂದೇ ಉಸಿರಿನಲ್ಲಿ ಹೇಳಿದರೆ, ಯಾವ ರಾಜ್ಯದ ಮಕ್ಕಳು ಅಂತ ಕೇಳಬೇಕು.

ಹಿಂದೆ ಹೀಗಿರಲಿಲ್ಲ. ಅಲ್ಲೂ ಇತಿಹಾಸ ಅಂದರೆ ನೀತಿಪಾಠವೇ. ದೇಶ ಹುಟ್ಟಿದ ಹೊಸದರಲ್ಲಿ ಅದಕ್ಕೆ ಪುರಾಣ ಬೇಕಿತ್ತು, ಪುರಾಣ ಬರೆಯುವವರೂ ಸಿಕ್ಕರು. ಮೇಸನ್ ವೀಮ್ಸ್ ಅನ್ನುವ ಪಾದ್ರಿ, ಪುಸ್ತಕ ಮಾರಾಟವೂ ಅವನ ಕಸುಬು, 1800ರಲ್ಲಿ ಜಾರ್ಜ್ ವಾಷಿಂಗ್ಟನ್‌ನ ಜೀವನಚರಿತ್ರೆ ಬರೆದ. ಪುಸ್ತಕ ಚೆನ್ನಾಗಿ ಓಡಿತು. 1806ರ ಐದನೇ ಮುದ್ರಣದಲ್ಲಿ ಒಂದು ಹೊಸ ಕಥೆ ಸೇರಿತು. ಬಾಲಕ ವಾಷಿಂಗ್ಟನ್ ಅಪ್ಪನ ಚೆರಿ ಗಿಡಕ್ಕೆ ಕೊಡಲಿ ಹಾಕಿದ್ದು, ಅಪ್ಪ ಕೇಳಿದಾಗ ಸುಳ್ಳು ಹೇಳದೆ ಒಪ್ಪಿಕೊಂಡಿದ್ದು. ಇದಕ್ಕೆ ಯಾವ ಆಧಾರವೂ ಇಲ್ಲ. ಆದರೆ 1836ರಿಂದ ಬರತೊಡಗಿದ ಮೆಕ್‌ಗಫಿ ರೀಡರ್‌ಗಳ ಮೂಲಕ ಅದು ತಲೆಮಾರುಗಟ್ಟಲೆ ಮಕ್ಕಳ ತಲೆಗೆ ಹೋಯಿತು. ನಮಗೆ ಪುಣ್ಯಕೋಟಿ ಇದ್ದ ಹಾಗೆ ಅವರಿಗೆ ಈ ಚೆರಿ ಗಿಡ. ವ್ಯತ್ಯಾಸ ಏನಂದರೆ ಪುಣ್ಯಕೋಟಿ ಇತಿಹಾಸ ಅಂತ ನಮಗೆ ಯಾರೂ ಹೇಳಲಿಲ್ಲ :-)

ಈಗಿನ ವರ್ಕ್‌ಶೀಟಿಗೆ ಬರೋಣ. ಎಷ್ಟೋ ಶಾಲೆಗಳಲ್ಲಿ ಬಳಸುವ ಪಾಠವೊಂದು ಪೊಕಹಾಂಟಸ್‌ಳದ್ದು. 1607ರಲ್ಲಿ ಇಂಗ್ಲಿಷರು ವರ್ಜೀನಿಯಾದಲ್ಲಿ ಜೇಮ್ಸ್‌ಟೌನ್ ಕಟ್ಟಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಕ್ಯಾಪ್ಟನ್ ಜಾನ್ ಸ್ಮಿತ್‌ನನ್ನು ಅಲ್ಲಿನ ಮೂಲನಿವಾಸಿಗಳು ಸೆರೆಹಿಡಿದು ಅವರ ದೊರೆ ಪೊವ್ಹಾಟನ್ ಮುಂದೆ ನಿಲ್ಲಿಸಿದರು. ಸ್ಮಿತ್‌ನ ತಲೆ ಜಜ್ಜಬೇಕು ಅನ್ನುವಷ್ಟರಲ್ಲಿ ದೊರೆಯ ಮಗಳು ಪೊಕಹಾಂಟಸ್ ಓಡಿಬಂದು ಅವನ ತಲೆಯ ಮೇಲೆ ತನ್ನ ತಲೆಯಿಟ್ಟು ಕಾಪಾಡಿದಳು. ಇದು ಕಥೆ. 1995ರ ಡಿಸ್ನಿ ಸಿನಿಮಾ ನೋಡಿದವರಿಗೆ ಇನ್ನಷ್ಟು ಗೊತ್ತು, ಹಾಡು ಸಮೇತ.

ಟೀಚರ್ ಮಾಡುವುದು ಇಷ್ಟೇ. ಮಕ್ಕಳಿಗೆ ಎರಡು ಚೀಟಿ ಕೊಡುತ್ತಾರೆ, ಎರಡೂ ಸ್ಮಿತ್ ಬರೆದದ್ದೇ. ಒಂದು 1608ರದ್ದು, ಘಟನೆ ನಡೆದ ಕೆಲವೇ ತಿಂಗಳಲ್ಲಿ ಬರೆದದ್ದು. ಅದರಲ್ಲಿ ಪೊವ್ಹಾಟನ್ ಒಳ್ಳೆಯ ಮಾತಾಡಿ, ಊಟ ಹಾಕಿಸಿ ಕಳಿಸುತ್ತಾನೆ. ತಲೆ ಜಜ್ಜುವ ಮಾತೇ ಇಲ್ಲ, ಕಾಪಾಡುವ ಹುಡುಗಿಯೂ ಇಲ್ಲ. ಇನ್ನೊಂದು 1624ರದ್ದು. ಅದರಲ್ಲಿ ಕಲ್ಲು, ದೊಣ್ಣೆ, ಓಡಿಬರುವ ರಾಜಕುಮಾರಿ ಎಲ್ಲ ಇದೆ. ಈಗ ಹೇಳಿ, ಯಾವುದನ್ನು ನಂಬುತ್ತೀರಿ? ಯಾಕೆ?

ಮಕ್ಕಳು ಸಾಮಾನ್ಯವಾಗಿ ಮೊದಲನೆಯದನ್ನೇ ಆರಿಸುತ್ತಾರಂತೆ, ನೆನಪು ತಾಜಾ ಇರುವಾಗ ಬರೆದದ್ದು ಅಂತ. ಆಗ ಇನ್ನೊಂದು ಪ್ರಶ್ನೆ ಬರುತ್ತೆ: 1608ರಲ್ಲಿ ಇಂಗ್ಲೆಂಡಿನಿಂದ ಇನ್ನಷ್ಟು ಜನ, ಹಣ ಬರಬೇಕಿತ್ತು. "ಇಲ್ಲಿ ನನ್ನ ತಲೆ ಒಡೆಯಲು ಹೊರಟಿದ್ದರು" ಅಂತ ಬರೆದರೆ ಯಾರು ಹಡಗು ಹತ್ತುತ್ತಾರೆ? ಹಾಗಾದರೆ ಅವನು ಮೊದಲು ಮುಚ್ಚಿಟ್ಟನಾ? ಇತ್ತ 1624ರ ಹೊತ್ತಿಗೆ ಪೊಕಹಾಂಟಸ್ ಜಾನ್ ರೋಲ್ಫ್‌ನನ್ನು ಮದುವೆಯಾಗಿ, ಲಂಡನ್ನಿಗೆ ಹೋಗಿ ಹೆಸರುವಾಸಿಯಾಗಿ, 1617ರಲ್ಲಿ ಅಲ್ಲೇ ಗ್ರೇವ್ಸೆಂಡ್‌ನಲ್ಲಿ ತೀರಿಕೊಂಡಿದ್ದಳು. ಇಲ್ಲ ಅನ್ನಲು ಅವಳೂ ಇಲ್ಲ, ಅವಳಪ್ಪನೂ ಇಲ್ಲ. ಇನ್ನು ಕೆಲವು ಇತಿಹಾಸಕಾರರು ಘಟನೆ ನಡೆದಿದ್ದರೂ ಅದು ಕೊಲ್ಲುವ ಪ್ರಯತ್ನವಲ್ಲ, ಸ್ಮಿತ್‌ನನ್ನು ತಮ್ಮ ಕುಲಕ್ಕೆ ಸೇರಿಸಿಕೊಳ್ಳುವ ಶಾಸ್ತ್ರ, ಅದು ಅವನಿಗೆ ಅರ್ಥವಾಗಲಿಲ್ಲ ಅನ್ನುತ್ತಾರೆ. ಕ್ಲಾಸಿನಲ್ಲಿ ಇದಕ್ಕೆ ಸರಿಯುತ್ತರ ಕೊಡುವುದಿಲ್ಲ. ಆಧಾರ ಕೊಟ್ಟು ವಾದಿಸಿದರೆ ಅಂಕ.

ಒಂದು ಅಂಕಿ ಮಾತ್ರ ನನ್ನ ತಲೆಯಿಂದ ಹೋಗಿಲ್ಲ. ಆಗ ಪೊಕಹಾಂಟಸ್‌ಗೆ ಸುಮಾರು 11 ವರ್ಷ. ಸ್ಮಿತ್‌ಗೆ 27, ಹೆಚ್ಚುಕಮ್ಮಿ ನನ್ನ ವಯಸ್ಸು. ಸಿನಿಮಾದ ಪ್ರೇಮಕಥೆ ಇದನ್ನು ಕೇಳಿದ ಮೇಲೆ ಮೊದಲಿನ ಹಾಗೆ ನೋಡಲಾಗುವುದಿಲ್ಲ. ಅದನ್ನು ಓದುತ್ತಿರುವ ಮಕ್ಕಳಿಗೆ 13.

ಈ ಮಾದರಿಯ ಪಾಠಗಳಿಗೆ ಹೆಸರಾದದ್ದು ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಅವರ ತಂಡ. 1991ರಲ್ಲಿ ಪ್ರಕಟವಾದ ಅವರ ಅಧ್ಯಯನ ಒಂದಿದೆ. ಎಂಟು ಜನ ಇತಿಹಾಸಕಾರರು, ಎಂಟು ಜನ ಬುದ್ಧಿವಂತ ಹೈಸ್ಕೂಲ್ ವಿದ್ಯಾರ್ಥಿಗಳು. ಇಬ್ಬರಿಗೂ 1775ರ ಲೆಕ್ಸಿಂಗ್ಟನ್ ಕಾಳಗದ ಬಗ್ಗೆ ಅದೇ ಕಾಗದಗಳು. ವಿದ್ಯಾರ್ಥಿಗಳು ಮೇಲಿಂದ ಕೆಳಗೆ ಓದಿಕೊಂಡು ಹೋದರು. ಇತಿಹಾಸಕಾರರು ಮೊದಲು ನೋಡಿದ್ದು ಯಾರು ಬರೆದದ್ದು, ಯಾವಾಗ, ಯಾಕೆ ಅಂತ. ನಮ್ಮ ಕೆಲಸ ಗೊತ್ತಿರುವವರಿಗೆ ಇದು ಹೊಸದಲ್ಲ. ಪ್ರೊಡಕ್ಷನ್‌ನಲ್ಲಿ ಏನೋ ಬಿದ್ದುಹೋದಾಗ ಅನುಭವಸ್ಥರು ಲಾಗ್ ಫೈಲಿನ ಮೊದಲ ಸಾಲಿಂದ ಓದಲು ಕೂರುವುದಿಲ್ಲ. ಯಾವ ಸರ್ವರ್, ಎಷ್ಟು ಗಂಟೆ, ಕೊನೆಗೆ ಕೋಡ್ ಮುಟ್ಟಿದವರು ಯಾರು, ಮೊದಲು ಅದು.

ಇನ್ನು ಚಿತ್ರದ ಪಾಠ. ನನಗೆ ಅತ್ಯಂತ ಇಷ್ಟವಾದದ್ದು ಇದು. 1770ರ ಮಾರ್ಚ್ 5, ಬೋಸ್ಟನ್. ಬ್ರಿಟಿಷ್ ಸೈನಿಕರು ಗುಂಪಿನ ಮೇಲೆ ಗುಂಡು ಹಾರಿಸಿದರು, ಐದು ಜನ ಸತ್ತರು. 'ಬೋಸ್ಟನ್ ಹತ್ಯಾಕಾಂಡ' ಅಂತ ನಮ್ಮ ಹೈಸ್ಕೂಲಿನಲ್ಲೂ ಒಂದು ಸಾಲಿನಲ್ಲಿ ಬರುತ್ತಿತ್ತು, 'ಕಾರಣಗಳು' ಅನ್ನುವ ಐದು ಅಂಕದ ಪ್ರಶ್ನೆಯ ಮೂರನೇ ಪಾಯಿಂಟಿಗೆ. ಪಾಲ್ ರೆವಿಯರ್ ಅನ್ನುವ ಬೆಳ್ಳಿ ಕೆಲಸದವನು ಆ ತಿಂಗಳೊಳಗೇ ಇದರ ಒಂದು ಚಿತ್ರ ಅಚ್ಚು ಹಾಕಿಸಿ ಮಾರಿದ. ಅಮೆರಿಕದ ಪಠ್ಯಪುಸ್ತಕಗಳಲ್ಲಿ ಇದು ಇಲ್ಲದಿದ್ದರೆ ಆಶ್ಚರ್ಯ.

ಚಿತ್ರವನ್ನು ಪ್ರೊಜೆಕ್ಟರಿನಲ್ಲಿ ಹಾಕಿ "ಏನು ಕಾಣಿಸುತ್ತೆ, ಬರೀರಿ" ಅನ್ನುತ್ತಾರೆ. ಬಲಗಡೆ ಕೆಂಪು ಕೋಟಿನ ಸೈನಿಕರು ಕವಾಯತಿನಂತೆ ಸಾಲಾಗಿ ನಿಂತಿದ್ದಾರೆ. ಅವರ ಹಿಂದೆ ಅಧಿಕಾರಿ ಕತ್ತಿ ಎತ್ತಿ ಅಪ್ಪಣೆ ಕೊಡುತ್ತಿದ್ದಾನೆ. ಎಡಗಡೆ ಒಳ್ಳೆ ಬಟ್ಟೆ ತೊಟ್ಟ, ಕೈಯಲ್ಲಿ ಏನೂ ಇಲ್ಲದ ಸಂಭಾವಿತ ಜನ ಬೀಳುತ್ತಿದ್ದಾರೆ. ನಡುವೆ ಒಂದು ಪುಟ್ಟ ನಾಯಿ. ಸೈನಿಕರ ತಲೆಯ ಮೇಲಿನ ಕಟ್ಟಡಕ್ಕೆ 'ಕಟುಕರ ಮನೆ' ಅಂತ ಬೋರ್ಡು. ಅದು ನಿಜವಾಗಿ ಸುಂಕದ ಕಚೇರಿ. ಅಂಥ ಬೋರ್ಡು ಅಲ್ಲಿರಲಿಲ್ಲ!

ಆಮೇಲೆ ಕೋರ್ಟಿನ ಸಾಕ್ಷ್ಯಗಳ ಹಾಳೆ. ರಾತ್ರಿ ಒಂಬತ್ತರ ಸುಮಾರು, ನೆಲದ ಮೇಲೆ ಹಿಮ. ಒಬ್ಬಂಟಿ ಕಾವಲುಗಾರನ ಸುತ್ತ ಗುಂಪು ಸೇರಿತ್ತು. ಅವನ ಸಹಾಯಕ್ಕೆ ಕ್ಯಾಪ್ಟನ್ ಪ್ರೆಸ್ಟನ್ ಏಳು ಸೈನಿಕರನ್ನು ಕರೆದುಕೊಂಡು ಬಂದ. ಹಿಮದ ಉಂಡೆ, ಮಂಜುಗಡ್ಡೆ ತೂರಿಬಂದವು, ಕೆಲವರ ಕೈಯಲ್ಲಿ ದೊಣ್ಣೆ ಇತ್ತು. ಒಬ್ಬ ಸೈನಿಕನಿಗೆ ಏಟು ಬಿತ್ತು, ಅವನ ಬಂದೂಕು ಹಾರಿತು, ಸ್ವಲ್ಪ ಹೊತ್ತಿನ ಮೇಲೆ ಉಳಿದವರದ್ದೂ. ಪ್ರೆಸ್ಟನ್ ಬಂದೂಕುಗಳ ಹಿಂದೆ ಅಲ್ಲ, ಮುಂದೆಯೇ ನಿಂತಿದ್ದ ಅಂತ ಸಾಕ್ಷಿಗಳು ಹೇಳಿದ್ದಾರೆ. ತಾನೇ ಮುಂದೆ ನಿಂತುಕೊಂಡು ಹಿಂದಿರುವವರಿಗೆ 'ಹೊಡೀರಿ' ಅನ್ನುವವನು ಯಾರು? ಸತ್ತವರಲ್ಲಿ ಮೊದಲ ಹೆಸರು ಕ್ರಿಸ್ಪಸ್ ಆಟಕ್ಸ್, ಆಫ್ರಿಕನ್ ಮತ್ತು ಮೂಲನಿವಾಸಿ ರಕ್ತ ಎರಡೂ ಇದ್ದ ನಾವಿಕ. ಬಣ್ಣ ಹಾಕಿದ ಬಹುಪಾಲು ಪ್ರತಿಗಳಲ್ಲಿ ಎಲ್ಲರೂ ಬಿಳಿಯರೇ. ಅಷ್ಟೇ ಅಲ್ಲ, ಚಿತ್ರವೇ ರೆವಿಯರ್‌ನದ್ದಲ್ಲ. ಹೆನ್ರಿ ಪೆಲ್ಹಮ್ ಅನ್ನುವ ಇನ್ನೊಬ್ಬ ಕಲಾವಿದ ಬರೆದದ್ದನ್ನು ನೋಡಿ ಇವನು ಮೊದಲು ಮಾರುಕಟ್ಟೆಗೆ ಬಿಟ್ಟ. ಪೆಲ್ಹಮ್ ಕೋಪದಲ್ಲಿ ಬರೆದ ಪತ್ರ ಉಳಿದಿದೆ. ಕಾಪಿ-ಪೇಸ್ಟ್ ಅಂದಿಗೂ ಇತ್ತು ಅನ್ನಿ.

ಸೈನಿಕರ ಪರ ವಾದಿಸಿದವನು ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೇ ಅಧ್ಯಕ್ಷನಾದವನು. ಸತ್ತವರಲ್ಲಿ ಒಬ್ಬನಾದ ಪ್ಯಾಟ್ರಿಕ್ ಕಾರ್ ಕೆಲವು ದಿನ ಬದುಕಿದ್ದ. ಸೈನಿಕರು ಆತ್ಮರಕ್ಷಣೆಗೆ ಹೊಡೆದರು ಅಂತ ಅವನು ಸಾಯುವ ಮುಂಚೆ ತನ್ನ ವೈದ್ಯನಿಗೆ ಹೇಳಿದ್ದನ್ನು ಆಡಮ್ಸ್ ಕೋರ್ಟಿನ ಮುಂದಿಟ್ಟ. ಪ್ರೆಸ್ಟನ್ ಬಿಡುಗಡೆಯಾದ, ಎಂಟು ಸೈನಿಕರಲ್ಲಿ ಆರು ಜನರೂ. ಉಳಿದ ಇಬ್ಬರಿಗೆ ಹೆಬ್ಬೆರಳಿನ ಮೇಲೆ ಬರೆ.

ಹಾಗಂತ ಬೋಸ್ಟನ್ನಿನವರ ಸಿಟ್ಟು ಸುಳ್ಳಾ? ಖಂಡಿತ ಅಲ್ಲ. ಶಾಂತಿಕಾಲದಲ್ಲಿ ಒಂದು ಊರಿನೊಳಗೆ ಸೈನ್ಯ ತಂದು ಕೂರಿಸಿದರೆ ಜನ ಹೂವಿನ ಹಾರ ಹಾಕುತ್ತಾರಾ? ಈ ಪಾಠ ನನಗೆ ಹಿಡಿಸಿದ್ದು ಅದಕ್ಕೇ. ಚಿತ್ರ ಸುಳ್ಳು, ಸತ್ತ ಐದು ಜನ ನಿಜ. ಎರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಬೇಕು. ಹದಿಮೂರು ವರ್ಷಕ್ಕೆ ಇದು ಸಣ್ಣ ಕೆಲಸವಲ್ಲ. ದಿನಾ ವಾಟ್ಸಾಪ್ ಫಾರ್ವರ್ಡ್ ನೋಡುವ ದೊಡ್ಡವರಿಗೂ ಅಲ್ಲ.

ಈಗ ಟೀ ಪಾರ್ಟಿ. "ಅಂಕಲ್, ಆ ಟೀ ನಮ್ಮ ಇಂಡಿಯಾದ್ದಾ?" ಅಂತ ಹುಡುಗಿ ಕೇಳಿದಳು. ಈಸ್ಟ್ ಇಂಡಿಯಾ ಕಂಪನಿ ಅಂತ ಪುಸ್ತಕದಲ್ಲಿ ಇದ್ದರೆ ಹಾಗನ್ನಿಸುವುದು ಸಹಜ. ಅಲ್ಲ, ಅದು ಚೀನಾದ ಟೀ. ಅಸ್ಸಾಮಿನಲ್ಲಿ ಬ್ರಿಟಿಷರು ಟೀ ತೋಟ ಮಾಡಿದ್ದು 1830ರ ದಶಕದಲ್ಲಿ. 1773ರ ಡಿಸೆಂಬರ್ 16ರ ರಾತ್ರಿ ಬೋಸ್ಟನ್ ಬಂದರಿನಲ್ಲಿ ಮೊಹಾಕ್ ವೇಷ ಹಾಕಿಕೊಂಡವರು ಮೂರು ಹಡಗಿನಿಂದ ನೀರಿಗೆಸೆದ ಸುಮಾರು 340 ಪೆಟ್ಟಿಗೆಗಳಲ್ಲಿ, 40 ಟನ್ನಿಗೂ ಹೆಚ್ಚು ಟೀಯಲ್ಲಿ, ಭಾರತದ ಒಂದು ಎಲೆಯೂ ಇರಲಿಲ್ಲ.

ಆದರೆ ಕಥೆಯಲ್ಲಿ ಭಾರತ ಇದೆ, ಅದೂ ನಮ್ಮ ಮೈಸೂರೇ ಇದೆ. ನಾನು ತಿರುವಿದ ಪುಸ್ತಕದಲ್ಲಿ ಇದು ಇರಲಿಲ್ಲ, ಹಾಗಾಗಿ ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಬಂಗಾಳದ ದಿವಾನಿ ಸಿಕ್ಕ ಮೇಲೆ ಲಂಡನ್ನಿನಲ್ಲಿ ಕಂಪನಿಯ ಶೇರು ಗಾಳಿಪಟದ ಹಾಗೆ ಏರಿತ್ತು. 1769ರಲ್ಲಿ ಹೈದರಾಲಿ ಕರ್ನಾಟಿಕ್ ಪ್ರಾಂತ್ಯ ಸೂರೆ ಮಾಡಿ ಮದ್ರಾಸಿನ ಬಾಗಿಲಿಗೇ ಬಂದು ನಿಂತು, ತನಗೆ ಬೇಕಾದಂತೆ ಒಪ್ಪಂದ ಮಾಡಿಸಿಕೊಂಡ. ದಕ್ಷಿಣದ ಈ ಕೆಟ್ಟ ಸುದ್ದಿಗಳು ಲಂಡನ್ ತಲುಪಿದಾಗ ಶೇರು ಕುಸಿಯಿತು. ಆಮೇಲೆ ಬಂಗಾಳದ ಭೀಕರ ಕ್ಷಾಮ, 1772ರಲ್ಲಿ ಯುರೋಪಿನ ಬ್ಯಾಂಕುಗಳ ಬಿಕ್ಕಟ್ಟು. ಕಂಪನಿ ಸರ್ಕಾರದ ಮುಂದೆ ಕೈಚಾಚಿತು, 14 ಲಕ್ಷ ಪೌಂಡ್ ಸಾಲ ಸಿಕ್ಕಿತು. ಉಗ್ರಾಣಗಳಲ್ಲಿ ಸುಮಾರು 1.7 ಕೋಟಿ ಪೌಂಡ್ ತೂಕದ ಟೀ ಮಾರಾಟವಾಗದೆ ಬಿದ್ದಿತ್ತು. ಅದನ್ನು ಖಾಲಿ ಮಾಡಲು ಅಮೆರಿಕಕ್ಕೆ ನೇರವಾಗಿ ಕಳಿಸಲು ಬಿಟ್ಟ ಕಾನೂನೇ 1773ರ ಟೀ ಆಕ್ಟ್. ಹೈದರಾಲಿಯಿಂದಲೇ ಟೀ ಪಾರ್ಟಿ ಆಯಿತು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಫಾರ್ವರ್ಡ್ ಮಾಡಬೇಡಿ! ಸರಪಳಿಯ ಒಂದು ಕೊಂಡಿ ಅಷ್ಟೇ.

ಇನ್ನೊಂದು ತಮಾಷೆ, ಆ ಕಾನೂನಿನಿಂದ ಟೀ ಬೆಲೆ ಇಳಿಯುತ್ತಿತ್ತು, ಏರುತ್ತಿರಲಿಲ್ಲ. ಆದರೆ ಪೌಂಡಿಗೆ ಮೂರು ಪೆನ್ಸ್ ಸುಂಕ ಹಾಗೇ ಉಳಿದಿತ್ತು. ಅಗ್ಗದ ಟೀ ಕುಡಿದರೆ ಸುಂಕ ಹಾಕುವ ಹಕ್ಕನ್ನೂ ಒಪ್ಪಿದಂತೆ. ಜೊತೆಗೆ ಸ್ಥಳೀಯ ವ್ಯಾಪಾರಿಗಳ, ಕಳ್ಳಸಾಗಣೆದಾರರ ಹೊಟ್ಟೆಯ ಮೇಲೆ ಏಟು.

ಮುಂದೆ ಯುದ್ಧ ನಡೆಯುವಾಗ ಮೈಸೂರಿನ ಸುದ್ದಿ ಅಮೆರಿಕನ್ನರಿಗೂ ತಲುಪುತ್ತಿತ್ತು. ಇಬ್ಬರಿಗೂ ಶತ್ರು ಒಬ್ಬನೇ. ಪೆನ್ಸಿಲ್ವೇನಿಯಾದ ಒಂದು ಯುದ್ಧನೌಕೆಗೆ 'ಹೈದರ್ ಆಲಿ' ಅಂತಲೇ ಹೆಸರಿತ್ತು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ನಾಯಕತ್ವದಲ್ಲಿ ಅದು ತನಗಿಂತ ಬಲವಾದ 'ಜನರಲ್ ಮಂಕ್' ಅನ್ನುವ ಬ್ರಿಟಿಷ್ ಹಡಗನ್ನು ಹಿಡಿಯಿತು. ಹೆಸರಿನ ಒಡೆಯ ಆಗ ಇನ್ನೂ ಬದುಕಿದ್ದ, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತ ಕಾರ್ನ್‌ವಾಲಿಸ್ ಅಮೆರಿಕದ ಪುಸ್ತಕದಿಂದ ಅಲ್ಲಿಗೆ ಮಾಯವಾಗುತ್ತಾನೆ. ನಮ್ಮ ಪುಸ್ತಕದಲ್ಲಿ ಅವನ ಪ್ರವೇಶ ಆಗೋದೇ ಆಮೇಲೆ: 1786ರಲ್ಲಿ ಗವರ್ನರ್ ಜನರಲ್, 1792ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆ, ಟಿಪ್ಪುವಿನ ಅರ್ಧ ರಾಜ್ಯ, ಇಬ್ಬರು ಮಕ್ಕಳು ಒತ್ತೆ. ಒಂದೇ ಮನುಷ್ಯ, ಎರಡು ಸಿಲಬಸ್.

ಇಲ್ಲಿಯವರೆಗೆ ಸುಲಭದ ಪಾಠಗಳು. ಬ್ರಿಟಿಷರು ಇನ್ನೂರೈವತ್ತು ವರ್ಷದ ಹಿಂದೆ ಏನು ಮಾಡಿದರು ಅಂತ ವಾದ ಮಾಡಿದರೆ ಯಾರಿಗೂ ನೋವಾಗಲ್ಲ. ಕಷ್ಟ ಇರುವುದು ಗುಲಾಮಗಿರಿಯ ಅಧ್ಯಾಯದಲ್ಲಿ.

1619ನ್ನೇ ತಗೊಳ್ಳಿ. ಜುಲೈ 30ರಂದು ಜೇಮ್ಸ್‌ಟೌನ್‌ನಲ್ಲಿ ಇಂಗ್ಲಿಷ್ ಅಮೆರಿಕದ ಮೊದಲ ಜನಪ್ರತಿನಿಧಿ ಸಭೆ ಸೇರಿತು. ಆಗಸ್ಟ್ ಕೊನೆಯಲ್ಲಿ, ಅಂದರೆ ಒಂದೇ ತಿಂಗಳ ಅಂತರದಲ್ಲಿ, ಅಲ್ಲೇ ಹತ್ತಿರದ ಪಾಯಿಂಟ್ ಕಂಫರ್ಟ್‌ಗೆ 'ವೈಟ್ ಲಯನ್' ಹಡಗು ಇಪ್ಪತ್ತು ಚಿಲ್ಲರೆ ಆಫ್ರಿಕನ್ನರನ್ನು ತಂದಿತು. ಇವರನ್ನು ಆಹಾರ ಸಾಮಗ್ರಿಗೆ ಬದಲಾಗಿ ಕೊಂಡುಕೊಂಡರು. ಇದನ್ನು ಕಾಗದದಲ್ಲಿ ಬರೆದಿಟ್ಟವನು ಬೇರೆ ಯಾರೂ ಅಲ್ಲ, ಪೊಕಹಾಂಟಸ್‌ಳ ಗಂಡನಾಗಿದ್ದ ಜಾನ್ ರೋಲ್ಫ್. ವರ್ಜೀನಿಯಾದ ಹೊಗೆಸೊಪ್ಪಿನ ಬೆಳೆಯನ್ನು ಲಾಭಕ್ಕೆ ತಂದವನೂ ಅವನೇ. ಆ ಬೆಳೆಗೆ ಕೈಗಳು ಬೇಕಿದ್ದವು.

ಸಂವಿಧಾನದ ಪಾಠದಲ್ಲಿ ಒಂದು ಚಟುವಟಿಕೆ ಇದೆ. 1787ರ ಮೂಲ ಪಠ್ಯದಲ್ಲಿ 'ಗುಲಾಮ' ಅನ್ನುವ ಪದ ಹುಡುಕಿ. ನೀವೂ ಕಂಟ್ರೋಲ್-ಎಫ್ ಒತ್ತಿ ನೋಡಬಹುದು. ಸೊನ್ನೆ ಫಲಿತಾಂಶ! ಆದರೆ ವಿಷಯ ಮೂರು ಕಡೆ ಇದೆ. ಪ್ರತಿನಿಧಿಗಳ ಲೆಕ್ಕದಲ್ಲಿ 'ಇತರ ವ್ಯಕ್ತಿ'ಗಳನ್ನು ಐದರಲ್ಲಿ ಮೂರು ಭಾಗ ಅಂತ ಎಣಿಸಬೇಕು. 1808ರವರೆಗೆ 'ಅಂಥ ವ್ಯಕ್ತಿಗಳ' ಆಮದನ್ನು ಕಾಂಗ್ರೆಸ್ ನಿಷೇಧಿಸುವಂತಿಲ್ಲ. 'ಸೇವೆಗೆ ಬದ್ಧನಾದ ವ್ಯಕ್ತಿ' ಇನ್ನೊಂದು ರಾಜ್ಯಕ್ಕೆ ಓಡಿಹೋದರೆ ವಾಪಸ್ ಒಪ್ಪಿಸಬೇಕು. ಬರೆದವರಿಗೆ ಆ ಪದ ಬರೆಯಲು ನಾಚಿಕೆಯಿತ್ತು, ವ್ಯವಸ್ಥೆ ಉಳಿಸಿಕೊಳ್ಳಲು ನಾಚಿಕೆಯಿರಲಿಲ್ಲ. 1790ರ ಮೊದಲ ಜನಗಣತಿಯಲ್ಲಿ ಸುಮಾರು 39 ಲಕ್ಷ ಜನ, ಅದರಲ್ಲಿ ಸುಮಾರು 7 ಲಕ್ಷ ಗುಲಾಮರು. ಓಟಿಲ್ಲದ ಇವರ ಲೆಕ್ಕದಿಂದ ಇವರ ಯಜಮಾನರಿಗೆ ಹೆಚ್ಚು ಸೀಟು. 'ಗುಲಾಮಗಿರಿ' ಅನ್ನುವ ಪದ ಸಂವಿಧಾನದೊಳಗೆ ಬಂದದ್ದು 1865ರಲ್ಲಿ, ಗುಲಾಮಗಿರಿಯನ್ನು ರದ್ದು ಮಾಡಿದ 13ನೇ ತಿದ್ದುಪಡಿಯಲ್ಲಿ.

ಇಂಥದ್ದನ್ನು ಕ್ಲಾಸಿನಲ್ಲಿ ಎಷ್ಟು ಹೇಳಬೇಕು, ಹೇಗೆ ಹೇಳಬೇಕು ಅನ್ನುವುದಕ್ಕೇ ಅಲ್ಲಿ ದೊಡ್ಡ ಜಗಳ. ಹೊಸದೇನಲ್ಲ. 1994ರಲ್ಲಿ ರಾಷ್ಟ್ರಮಟ್ಟದ ಇತಿಹಾಸ ಮಾನದಂಡಗಳನ್ನು ಮಾಡಿದಾಗ, ಯಾರ ಹೆಸರು ಎಷ್ಟು ಸಲ ಬಂದಿದೆ ಅಂತ ಎಣಿಸಿ ಗಲಾಟೆ ಎದ್ದಿತು. 1995ರ ಜನವರಿಯಲ್ಲಿ ಸೆನೆಟ್ 99-1 ಮತಗಳಿಂದ ಅದನ್ನು ಖಂಡಿಸಿತು. 2015ರಲ್ಲಿ ಟೆಕ್ಸಾಸಿನ ಒಂದು ಹೈಸ್ಕೂಲ್ ಭೂಗೋಳ ಪುಸ್ತಕ ಗುಲಾಮರನ್ನು ಆಫ್ರಿಕದಿಂದ ಬಂದ 'ಕೆಲಸಗಾರರು' ಅಂತ ಕರೆದಿತ್ತು. ಒಬ್ಬ ವಿದ್ಯಾರ್ಥಿ ಆ ಪುಟದ ಫೋಟೋ ತೆಗೆದು ಅಮ್ಮನಿಗೆ ಕಳಿಸಿದ, ಪ್ರಕಾಶಕರು ತಿದ್ದಬೇಕಾಯಿತು. ನೋಡಿ, ಪದದ ಆಯ್ಕೆ ಪ್ರಶ್ನಿಸಲು ಕಲಿತವನು ಮಾಡಿದ ಕೆಲಸ ಅದು. 2020ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಂದೇ ಪ್ರಕಾಶಕರು ಕ್ಯಾಲಿಫೋರ್ನಿಯಾಕ್ಕೂ ಟೆಕ್ಸಾಸಿಗೂ ಮಾಡಿದ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿತು. ಬಂದೂಕಿನ ಹಕ್ಕಿನ ಎರಡನೇ ತಿದ್ದುಪಡಿಯ ಪಕ್ಕದಲ್ಲಿ, ಕೋರ್ಟುಗಳು ಕೆಲವು ನಿರ್ಬಂಧಗಳನ್ನು ಒಪ್ಪಿವೆ ಅನ್ನುವ ಟಿಪ್ಪಣಿ ಕ್ಯಾಲಿಫೋರ್ನಿಯಾದ ಪುಸ್ತಕದಲ್ಲಿತ್ತು. ಟೆಕ್ಸಾಸಿನದರಲ್ಲಿ ಆ ಜಾಗ ಖಾಲಿ. ಒಂದೇ ಸೋರ್ಸ್ ಕೋಡ್, ಎರಡು ಬಿಲ್ಡ್!

2019ರಲ್ಲಿ ಅದೇ ಪತ್ರಿಕೆ 1619ನ್ನು ಕೇಂದ್ರವಾಗಿಟ್ಟು ಒಂದು ಯೋಜನೆ ತಂದಿತು. ಅದಕ್ಕೆ ಎದುರಾಗಿ ಟ್ರಂಪ್ ನೇಮಿಸಿದ '1776 ಆಯೋಗ'ದ ವರದಿ 2021ರ ಜನವರಿ 18ಕ್ಕೆ ಬಂತು. ಎರಡೇ ದಿನಕ್ಕೆ ಬೈಡನ್ ಆ ಆಯೋಗವನ್ನೇ ರದ್ದು ಮಾಡಿದರು. ಅದೇ ವರ್ಷ ಟೆಕ್ಸಾಸ್ ಸೇರಿ ಹಲವು ರಾಜ್ಯಗಳು ಜನಾಂಗ, ಗುಲಾಮಗಿರಿಯ ವಿಷಯವನ್ನು ಕ್ಲಾಸಿನಲ್ಲಿ ಹೇಗೆ ಮಾತಾಡಬೇಕು ಅಂತ ಕಾನೂನೇ ಮಾಡಿದವು. ಟೀಚರ್ ಜಾಗದಲ್ಲಿ ನಿಂತು ಯೋಚಿಸಿ. ರೆವಿಯರ್‌ನ ಚಿತ್ರ ತೋರಿಸಿ "ಇದನ್ನು ಬರೆದವನಿಗೆ ಏನು ಬೇಕಿತ್ತು?" ಅಂತ ಧೈರ್ಯವಾಗಿ ಕೇಳಬಹುದು. ಸಂವಿಧಾನ ತೋರಿಸಿ ಅದೇ ಪ್ರಶ್ನೆ ಕೇಳುವ ಮುಂಚೆ ಎರಡು ಸಲ ಯೋಚಿಸಬೇಕು. ಮೊದಲನೆಯದನ್ನು ಕಲಿಸಿ ಎರಡನೆಯದಕ್ಕೆ ಸುಮ್ಮನಿರಿ ಅಂದರೆ ಮಕ್ಕಳಿಗೆ ಗೊತ್ತಾಗಲ್ವಾ?

ಈ ವಿಧಾನಕ್ಕೆ ಇನ್ನೊಂದು ಆಕ್ಷೇಪಣೆಯೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. 2022ರ ರಾಷ್ಟ್ರೀಯ ಪರೀಕ್ಷೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳಲ್ಲಿ ಅಮೆರಿಕ ಇತಿಹಾಸದಲ್ಲಿ 'ಪ್ರವೀಣ' ಮಟ್ಟ ಮುಟ್ಟಿದವರು ಶೇ. 13 ಮಾತ್ರ. ಶೇ. 40ರಷ್ಟು ಮಕ್ಕಳು ಕನಿಷ್ಠ ಮಟ್ಟಕ್ಕೂ ಕೆಳಗೆ. ಇಸವಿ, ಹೆಸರು ಏನೂ ಗೊತ್ತಿಲ್ಲದವರ ಕೈಗೆ ಮೂಲ ದಾಖಲೆ ಕೊಟ್ಟು ಅನುಮಾನಿಸು ಅಂದರೆ ಏನು ಪ್ರಯೋಜನ, ಮೊದಲು ಪಾಠ ಬರಲಿ ಅನ್ನುವವರಿದ್ದಾರೆ. ನಮ್ಮ ಊರಿನ ಮೇಷ್ಟ್ರುಗಳೂ ಅದನ್ನೇ ಅನ್ನುತ್ತಾರೆ, ಅದರಲ್ಲಿ ಅರ್ಧ ಸತ್ಯ ಇದೆ. 1608 ಮೊದಲು, 1624 ಆಮೇಲೆ, ನಡುವೆ ಅವಳು ಸತ್ತಿದ್ದು 1617 ಅನ್ನುವುದು ಗೊತ್ತಿಲ್ಲದಿದ್ದರೆ ಸ್ಮಿತ್ ಮೇಲೆ ಅನುಮಾನ ಬರುವುದಾದರೂ ಹೇಗೆ? ಆದರೆ ಆ ಮೂರು ಇಸವಿಗಳು ನನಗೆ ಈಗ ಬಾಯಿಪಾಠ ಆಗಿವೆ. ಉರು ಹೊಡೆದು ಅಲ್ಲ, ವರ್ಕ್‌ಶೀಟಿನ ಎರಡು ಚೀಟಿಗಳನ್ನು ಹಿಂದೆ ಮುಂದೆ ಇಟ್ಟು ನೋಡಿ.

ಪೀರಿಯಡ್ಡು ಎಷ್ಟು ಹೊತ್ತಿನದು ಅಂತ ಅವಳನ್ನು ಕೇಳಿದೆ. 45 ನಿಮಿಷವಂತೆ. ಬೋಸ್ಟನ್ ಚಿತ್ರಕ್ಕೆ ಒಂದು ಪೀರಿಯಡ್, ಕೋರ್ಟಿನ ಸಾಕ್ಷ್ಯಕ್ಕೆ ಒಂದು. ಗುಲಾಮಗಿರಿ ಮತ್ತು ಸಂವಿಧಾನ, ಎರಡೂ ಸೇರಿ ಒಂದು.